‘ಹಸುವನ್ನು ಕರೆ’

ಕನ್ನಡದಲ್ಲಿ ನುಡಿದಂತೆ ಬರೆಯುವುದು ವಾಡಿಕೆಯಾದುದರಿಂದ, ಕಿವಿಗೆ ಒಂದಾಗಿ ಕೇಳಿಸಿ ಬರಹದಲ್ಲಿ ಬೇರೆಯಾಗುವ ಪದಗಳು ಇಂಗ್ಲಿಷಿನಲ್ಲಿರುವಷ್ಟು ನಮ್ಮಲ್ಲಿಲ್ಲ. ಉಲಿಯೂ ಬರಹವೂ ಒಂದೇ ಆಗಿದ್ದು ಅರ್ಥ ಮಾತ್ರ ಬೇರೆಯಾಗುವ ನಾನಾರ್ಥ ಪದಗಳಿಗಾದರೋ ಕೊರತೆಯಿಲ್ಲ. ಅಡಿ, ಅರಸು, ಕಾಡು, ತೆರೆ, ಬೇಡ, ಹತ್ತು ಮುಂತಾದುವುಗಳನ್ನು ಕರಿಹಲಗೆಯ ಮೇಲೆ ಬರೆದು ವಾಕ್ಯರಚನೆ ಮಾಡಿಸಿದ ಗಂಟೆಗಳು ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರಿಗಾದರೂ ನೆನಪಿರಬಹುದು.

ಒಮ್ಮೆ ‘ಕರೆ’ ಎಂಬ ಪದವನ್ನು ಕೊಟ್ಟಿದ್ದೆನು. ಸೀರೆಗೆ ತಗುಲಿದ ಬಾಳೆಯ ಕರೆಯೆಂದು ಒಬ್ಬಳೂ, ತಂಗಿಯನ್ನು ಕರೆಯೆಂದು ಮತ್ತೊಬ್ಬಳೂ ಹೇಳಿದರು. ಮೂರನೆಯವಳು ‘ಹಸುವನ್ನು ಕರೆ’ ಎಂದಳು. ಕೂಗಿ ಕರೆಯುವುದೋ, ಹಾಲು ಕರೆಯುವುದೋ ಎಂದು ತರಗತಿಯಲ್ಲಿ ದೊಡ್ಡ ವಾಗ್ವಾದವೇ ಎದ್ದಿತು. ಆಗ ಹಳ್ಳಿಯಿಂದ ಬಂದು ವಿದ್ಯಾರ್ಥಿನಿಲಯದಲ್ಲಿದ್ದ ಬಾಲಿಕೆಯೊಬ್ಬಳು ಎದ್ದು, “ಅಸು ಕೊಟ್ಟಿಗೇಲಿದ್ರೆ ಆಲು ಕರೀಬೇಕು, ಒಲದಲ್ಲಿದ್ರೆ ಕೂಗಿ ಕರೀಬೇಕು, ಟೀಚರ್” ಎಂದಳು. ಪದದ ಅರ್ಥವನ್ನು ಸಂದರ್ಭವೇ ನಿಶ್ಚಯಿಸುವುದೆಂಬ ಸೂತ್ರವನ್ನು ಇದಕ್ಕಿಂತ ಚೆನ್ನಾಗಿ ಯಾವ ವ್ಯಾಕರಣದಲ್ಲಿಯೂ ನಾನು ಓದಿಲ್ಲ! ಆದರೆ ತರಗತಿಯು ಕೇಳಿದ್ದು ಸೂತ್ರವನ್ನಲ್ಲ, ಬಿಟ್ಟುಹೋದ ಹಕಾರಗಳನ್ನು. ‘ಅಸು’ ಎಂದರೆ ಪ್ರಾಣವಲ್ಲವೇ ಎಂದು ಯಾರೋ ಅಂದರು, ಎಲ್ಲರೂ ನಕ್ಕರು. ಆಕೆ ಕುಳಿತಳು. ಆ ವಾರವೆಲ್ಲ ಆಕೆ ಬಾಯಿ ತೆರೆಯಲಿಲ್ಲ. ಮನೆಯಲ್ಲಿ ಕಲಿತ ಮಾತಿಗಾಗಿ ನಾಚಿದ ಮಗುವಿನಿಂದ ಮತ್ತೆ ಮಾತು ಹೊರಡಿಸುವುದು ಎಷ್ಟು ಕಷ್ಟವೆಂಬುದನ್ನು ಉಪಾಧ್ಯಾಯಿನಿಯರು ಮಾತ್ರವೇ ಅಲ್ಲ, ತಾಯಂದಿರೂ ಬಲ್ಲರು.

ಮುಂದಿನ ಸೋಮವಾರ ನಾನು ಕಿಟೆಲರ ನಿಘಂಟನ್ನು ತರಗತಿಗೆ ಹೊತ್ತುಕೊಂಡು ಹೋದೆನು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಆ ಮಹಾಗ್ರಂಥದಲ್ಲಿ, ಬಳಕೆ ತಪ್ಪಿದ ಱ, ೞ ಎಂಬ ಅಕ್ಷರಗಳನ್ನು ಉಳಿಸಿಕೊಂಡಿದ್ದಾರೆ. ಕೂಗುವ ‘ಕರೆ’ ಅಲ್ಲಿ ರಕಾರದ್ದು. ಹಾಲಿನ ‘ಕಱೆ’ಯೂ ಕಲೆಯೆಂಬರ್ಥದ ‘ಕಱೆ’ಯೂ ಱಕಾರದವು. ಹಾಗೆಯೇ ಕತ್ತಿಗೆ ‘ಬಾಳ್’, ಬದುಕುವುದಕ್ಕೆ ‘ಬಾೞ್’. ಹಿಂದಿನವರಿಗೆ ಬೇರೆಯಾಗಿದ್ದ ಉಲಿಗಳು ನಮ್ಮೆಲ್ಲರ ಬಾಯಲ್ಲಿ ಒಂದಾಗಿಹೋಗಿವೆ. ಆದುದರಿಂದ ಶುಕ್ರವಾರದ ವಾಗ್ವಾದವು ಹಳಗನ್ನಡದವರಿಗೆ ಹುಟ್ಟುತ್ತಲೇ ಇರಲಿಲ್ಲವೆಂದೂ, ನಮ್ಮನ್ನು ಕೇಳಿದ್ದರೆ ಕೇಶಿರಾಜನೂ ನಗುತ್ತಿದ್ದನೆಂದೂ ಹೇಳಿದೆನು.

ಬಳಿಕ ಹಲಗೆಯ ಮೇಲೆ ‘ಪಾಲ್, ಹಾಲು, ಆಲು’ ಎಂದು ಸಾಲಾಗಿ ಬರೆದೆನು. ಪಕಾರವು ಹಕಾರವಾಗಲು ಬಿಟ್ಟವರು ನಾವು. ಆ ಹಳ್ಳಿಯವರು ಇನ್ನೊಂದು ಹೆಜ್ಜೆ ಮುಂದೆ ಹೋದರು, ಅಷ್ಟೆ. ಪರೀಕ್ಷೆಯಲ್ಲಿ ಹಕಾರ ಬರೆಯಲೇಬೇಕು, ಅದರಲ್ಲಿ ರಿಯಾಯಿತಿ ಇಲ್ಲವೆಂಬುದನ್ನೂ ಜೊತೆಗೇ ತಿಳಿಸಿದೆನು.

“ಪೊಲ, ಹೊಲ, ಒಲ” ಎಂದು ಹಿಂದಿನ ಸಾಲಿನಿಂದ ಸಣ್ಣ ದನಿ ಬಂದಿತು. ಯಾರೂ ನಗಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಅಂದು ಎಲ್ಲರಿಗಿಂತ ಗಟ್ಟಿಯಾಗಿ ನಕ್ಕಿದ್ದ ಹುಡುಗಿಯು, ತನ್ನ ಅಜ್ಜಿಯೂ ಹೂವಿಗೆ ‘ಊವು’ ಎನ್ನುವರೆಂದು ಮೆಲ್ಲಗೆ ಹೇಳಿದಳು.