ಮೀನಿಗೆ ತಣ್ಣೀರು

ಮುದಿ ಅಣೆಕಟ್ಟಿಗೆ ಚಿಕಿತ್ಸೆ ಮಾಡುವುದೆಂದರೆ ಮನೆಯ ಹಿರಿಯರಿಗೆ ಶಸ್ತ್ರಚಿಕಿತ್ಸೆ ಮಾಡಿಸಿದಂತೆಯೇ. ರೋಗಿಯ ಜೊತೆಗೆ ಮನೆಮಂದಿಯೆಲ್ಲ ಪಥ್ಯ ಹಿಡಿಯಬೇಕಾಗುತ್ತದೆ. ಕ್ಯಾಲಿಫೋರ್ನಿಯದ ಸ್ಯಾನ್ ಹೋಸೆಯಲ್ಲಿ ಮಗನ ಮನೆಗೆ ಹೋಗಿದ್ದಾಗ ಈ ಮಾತು ನನಗೆ ಮನದಟ್ಟಾಯಿತು.

ಆ ಊರಿನ ದಕ್ಷಿಣಕ್ಕೆ, ಮಾರ್ಗನ್ ಹಿಲ್ ಬಳಿ, ಕಯೋಟಿ ಹೊಳೆಗೆ ಅಡ್ಡಲಾಗಿ 1950ರಲ್ಲಿ ಕಟ್ಟಿದ ಆಂಡರ್ಸನ್ ಅಣೆಕಟ್ಟು. ಮಣ್ಣು, ಕಲ್ಲು ಪೇರಿಸಿ ಎಬ್ಬಿಸಿದ್ದು; ಎತ್ತರ ಸುಮಾರು 240 ಅಡಿ. ಹತ್ತಿರದಲ್ಲಿಯೇ ಕ್ಯಾಲವೆರಸ್ ಎಂಬ ಭೂಬಿರುಕು. 1984ರಲ್ಲಿ ಅದು ಮೈ ಕೊಡವಿದಾಗ 6.2ರ ಪ್ರಮಾಣದ ಭೂಕಂಪವಾಗಿತ್ತು. ಅದಕ್ಕಿಂತ ದೊಡ್ಡದು ಬಂದರೆ ಕಟ್ಟೆ ಕುಸಿದೀತು, ಕೆಳಗಿನ ಊರುಗಳು ಮುಳುಗಿಯಾವು ಎಂಬ ಭಯ. ನನ್ನ ಮೊಮ್ಮಕ್ಕಳು ಮಲಗುವುದೂ ಆ ಕೆಳಗಿನ ಊರಿನಲ್ಲಿಯೇ. 2020ರಲ್ಲಿ ಕೇಂದ್ರದ ಆಯೋಗವು ಜಲಾಶಯವನ್ನು ಬರಿದು ಮಾಡಿರೆಂದು ಆಜ್ಞೆ ಮಾಡಿದಾಗ ಯಾರು ತಾನೆ ಬೇಡವೆಂದಾರು?

ಆದರೆ ಹೊಳೆಯಲ್ಲಿಯೂ ಸಂಸಾರಗಳಿವೆ. ಸ್ಟೀಲ್‌ಹೆಡ್ ಎಂಬ ಮೀನು ಕಡಲಿನಿಂದ ಹೊಳೆಯೇರಿ ಬಂದು ಮೊಟ್ಟೆಯಿಡುತ್ತದೆ. ಅದರ ಮರಿಗಳಿಗೆ ಬೇಸಗೆಯಲ್ಲಿಯೂ ತಣ್ಣೀರೇ ಬೇಕು. ತುಂಬಿದ ಜಲಾಶಯದ ತಳದಿಂದ ತಣ್ಣೀರು ಬರುತ್ತಿತ್ತು. ಜಲಾಶಯ ಬರಿದಾದಮೇಲೆ ದೂರದಿಂದ ಕೊಳವೆಯಲ್ಲಿ ನೀರು ತಂದರು, ಅದು ಬೆಚ್ಚಗೆ. ಅದನ್ನು ತಂಪು ಮಾಡಲು ಯಂತ್ರಗಳನ್ನೇ ಇಟ್ಟರು!

“ಮೀನಿಗೆ ಫ್ರಿಜ್ಜೇನೋ?” ಎಂದು ನಕ್ಕೆ.

“ನಗಬೇಡಿ ಅಪ್ಪ. ಕಟ್ಟೆ ರಿಪೇರಿಯ ಖರ್ಚಿನಲ್ಲಿ ಅದೂ ಒಂದು,” ಎಂದ ಮಗ.

2023ರಲ್ಲಿ ಜನರ ಮುಂದಿಟ್ಟ ಪರಿಸರ ಪರಿಣಾಮದ ಕರಡು ವರದಿಯ ಕ್ರಮವೂ ಇದೇ. ಕಟ್ಟೆಯ ಬಹುಭಾಗವನ್ನು ಕೆಡವಿ ಮತ್ತೆ ಕಟ್ಟುವಾಗ ಏಳುವ ಧೂಳೆಷ್ಟು, ಲಾರಿಗಳ ಗದ್ದಲವೆಷ್ಟು, ಹೂಳು ಹರಿದುಬಂದರೆ ಮೊಟ್ಟೆಯಿಡುವ ಜಲ್ಲಿಯ ಗತಿಯೇನು, ಅಂತರ್ಜಲದ ಪಾಡೇನು ಎಂದು ಒಂದೊಂದಾಗಿ ಲೆಕ್ಕ. ಅಪಾಯವನ್ನು ಮೊದಲು ಇಳಿಸಿದರು. ವಿಸ್ತಾರವಾದ ಲೆಕ್ಕವನ್ನು ಆಮೇಲೆ ಬರೆದರು. ಪ್ರಾಣಭಯವಿರುವಲ್ಲಿ ಈ ಕ್ರಮ ಸರಿಯೆಂದೇ ನನಗೆ ತೋರುತ್ತದೆ. ಲೆಕ್ಕದ ನೆಪದಲ್ಲಿ ಮೊಮ್ಮಕ್ಕಳ ನೆತ್ತಿಯ ಮೇಲೆ ನೀರನ್ನು ತೂಗಹಾಕಿ ಕೂರಲಾಗದು. ಹಾಗೆಂದು, ಭಯದ ನೆಪದಲ್ಲಿ ಲೆಕ್ಕವನ್ನೇ ಮರೆಯುವುದೂ ತರವಲ್ಲ.

ನಮ್ಮ ‘ಕೆರೆಗೆ ಹಾರ’ ನೆನಪಾಗುತ್ತದೆ. ಕೆರೆಗೆ ನೀರು ಬರಲೆಂದು ಮನೆಯ ಹಿರಿಯರು ಕಿರಿಸೊಸೆ ಭಾಗೀರಥಿಯನ್ನು ಬಲಿಕೊಡಲು ನಿಶ್ಚಯಿಸಿದರು. ಅವಳನ್ನು ಮಾತ್ರ ಯಾರೂ ಕೇಳಲಿಲ್ಲ. ಕಟ್ಟೆ ಕಟ್ಟುವಾಗಲೂ ಹಾರ ಬೇಕು, ಕಟ್ಟೆಯನ್ನು ಉಳಿಸುವಾಗಲೂ ಬೇಕು. ಮೀನನ್ನು ಕೇಳುವುದು ನಮ್ಮಿಂದಾಗದು, ನಿಜ. ಆದರೆ ಈ ಸಲ ಹಾರವಾಗುವವರು ಯಾರೆಂದು ಮೊದಲೇ ಬರೆದಿಟ್ಟು, ನಾಲ್ಕು ಜನರ ಮುಂದೆ ಓದಿ ಹೇಳಬಹುದಲ್ಲ? ಹಾಗೆ ಓದಿ ಹೇಳಬೇಕಾಗಿ ಬಂದಾಗ, ತಣ್ಣೀರಿನ ಯಂತ್ರವೊಂದನ್ನು ಇಡೋಣವೆಂಬ ಬುದ್ಧಿ ಯಾರಿಗಾದರೂ ಹೊಳೆಯುತ್ತದೆ.