ಬೆರಳು, ಕೊಕ್ಕು, ಸೂಜಿ

ಮಧ್ಯಾಹ್ನದ ಊಟ ಮುಗಿಸಿ ಹಿತ್ತಲಕಟ್ಟೆಯ ಮೇಲೆ ಕೌದಿ ಹರವಿಕೊಂಡು ಕೂತರೆ ನನಗೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಹಳೆ ಸೀರೆಗಳನ್ನು ಪದರ ಪದರವಾಗಿಟ್ಟು ಅಂಚಿನಿಂದ ಒಳಕ್ಕೆ ಹೊಲಿಯುತ್ತ ಬರುವಾಗ ಕೈ ತನ್ನ ಪಾಡಿಗೆ ನಡೆಯುತ್ತದೆ, ಕಣ್ಣಿಗೆ ಬಿಡುವು. ಆ ಬಿಡುವಿನಲ್ಲೇ ಕಳೆದ ಚೈತ್ರದಲ್ಲಿ ಬದನೆ ಗಿಡದ ಸಿಂಪಿಗ ಹಕ್ಕಿ ಕಂಡದ್ದು.

10 ಗ್ರಾಮಿನಷ್ಟು ತೂಗಿದರೆ ಹೆಚ್ಚು. ತುಕ್ಕುಬಣ್ಣದ ನೆತ್ತಿ, ಎಲೆಹಸಿರು ಬೆನ್ನು, ನಿಗುರಿದ ಬಾಲ. ದನಿ ಮಾತ್ರ ಮೈಗೆ ಮೀರಿದ್ದು; ‘ಟುವ್ವಿ ಟುವ್ವಿ’ ಶುರುವಾದರೆ ಅಡುಗೆಮನೆಯವರೆಗೂ ಕೇಳುತ್ತದೆ. ಹೊಲಿಯುವುದು ಹೆಣ್ಣು. ಅಗಲ ಎಲೆಯೊಂದರ ಎರಡೂ ಅಂಚಿಗೆ ಕೊಕ್ಕಿನಿಂದ ಚುಚ್ಚಿ ತೂತು ಮಾಡಿತು. ಜೇಡರ ಬಲೆಯ ಎಳೆ, ಬೂರುಗದ ಹತ್ತಿ ತಂದಿತು. ನಾನು ಕತ್ತರಿಸಿ ಎಸೆದ ಕೆಂಪು ದಾರದ ತುಂಡನ್ನೂ ಒಯ್ದಿತು. ತೂತಿನಲ್ಲಿ ತೂರಿಸಿ ಎಳೆದದ್ದಷ್ಟೆ, ಗಂಟು ಹಾಕಲಿಲ್ಲ. ಆಚೆ ಬಂದ ನಾರಿನ ತುದಿ ಕೆದರಿ ಉಬ್ಬಿ, ಹಿಂದಕ್ಕೆ ಜಾರದಂತೆ ತಾನೇ ನಿಂತಿತು. ಹತ್ತಾರು ವರ್ಷ ದಾರದ ತುದಿಗೆ ಗಂಟು ಹಾಕಿದವಳು ನಾನು, ಸೂಜಿ ಹಿಡಿದು ಬೆರಗಾಗಿ ಕೂತೆ.

ಆಚೆ ಹಲಸಿನ ಮರದಲ್ಲಿ ಮಂಗಗಳ ಹಿಂಡು. ಮುಸಿಯ ಅಲ್ಲ, ನೆತ್ತಿಗೆ ಕೂದಲ ಟೋಪಿ ಇಟ್ಟ ಮಂಗ, ಭಾರತದ ದಕ್ಷಿಣಾರ್ಧದ್ದೇ ಆದ ಜೀವ. ಕೈಯಲ್ಲಿ ಹತ್ತು ಬೆರಳಿದ್ದೂ ಅದು ಗೂಡು ಕಟ್ಟುವುದಿಲ್ಲ, ರಾತ್ರಿ ಕೊಂಬೆಯ ಮೇಲೆ ಒಂದಕ್ಕೊಂದು ಒತ್ತಿಕೊಂಡು ಮಲಗುತ್ತದೆ. ಹಾಗಾದರೆ ಆ ಬೆರಳು ಯಾತಕ್ಕೆ? ಒಂದು ಹೆಣ್ಣು ಇನ್ನೊಂದರ ಬೆನ್ನಿನ ಕೂದಲನ್ನು ಎಳೆ ಎಳೆಯಾಗಿ ಬಿಡಿಸಿ ಹೇನು ಹೆಕ್ಕುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಅಷ್ಟು ಹಗುರ ಕೈ ಒಳ್ಳೆಯ ಹೊಲಿಗೆಯವರಿಗೇ ಇರುವುದು. ಸುಮಾರು ಐದೂವರೆ ತಿಂಗಳು ಹೊಟ್ಟೆಯಲ್ಲಿದ್ದು ಹೊರಬಂದ ಮರಿಗೆ ತಾಯಿಯ ಹೊಟ್ಟೆಯ ಕೂದಲೇ ಆಸರೆ. ಅದರ ಗೂಡು ಕೊಂಬೆಯಿಂದ ಕೊಂಬೆಗೆ ಹಾರುತ್ತದೆ. ಸಿಂಪಿಗದ ಮರಿಗೆ ಅಷ್ಟು ಸಾವಕಾಶವಿಲ್ಲ. ಮೊಟ್ಟೆಯೊಳಗೆ 12 ದಿನ, ಗೂಡಿನೊಳಗೆ ಎರಡು ವಾರ, ಅಷ್ಟರಲ್ಲಿ ರೆಕ್ಕೆ ಬಲಿಯಬೇಕು.

ಮೊಟ್ಟೆ ಕಂಡರೆ ಮಂಗ ಬಿಡುವುದಿಲ್ಲ. ಒಂದು ಮಧ್ಯಾಹ್ನ ಹಿಂಡು ಬದನೆ ಸಾಲಿಗೇ ಇಳಿಯಿತು.

“ಅತ್ತೆ, ಏಳಬೇಡಿ,” ಎಂದೆ. ಅಟ್ಟಿದರೆ ಗಿಡದ ಮೇಲೇ ಎಗರಿಯಾವು ಎಂಬ ಭಯ.

ಮರಿ ಕಟ್ಟಿಕೊಂಡ ತಾಯಿಯೊಂದು ಆ ಗಿಡದ ಬುಡಕ್ಕೇ ಬಂತು. ಎಲೆಯ ಹಸಿರು ಮೈ ಹೊರಗೇ ಉಳಿಯುವಂತೆ ಹೊಲಿದಿದ್ದ ಗೂಡು ಅದರ ಮೊಣಕೈಗೆ ತಾಗಿ ಅಲುಗಿತು. ತಾಯಿ ಎಳೆಗಾಯಿ ಕಿತ್ತು ಕೆನ್ನೆಚೀಲಕ್ಕೆ ತುರುಕಿಕೊಂಡು, ಮರಿಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ಬೇಲಿ ಹಾರಿತು.

ಗೂಡು ಇನ್ನೂ ತೂಗುತ್ತಿತ್ತು. ಅಂಚಿನಲ್ಲಿ ನನ್ನ ಕೆಂಪು ದಾರ ಬಿಗಿಯಾಗಿಯೇ ಇತ್ತು.