ಮೇ ತಿಂಗಳಲ್ಲಿ ನೋಡಿದ ಊರು

ಯಶವಂತಪುರ ಬಿಟ್ಟ ರೈಲು ಹುಬ್ಬಳ್ಳಿ ಮುಟ್ಟುವವರೆಗೆ ಸಿಗುವ ಊರುಗಳ ಹೆಸರನ್ನು ಒಂದೊಂದಾಗಿ ಹೇಳಿಕೊಳ್ಳುವುದೆಂದರೆ ನನಗೆ ಬಹಳ ಇಷ್ಟ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು, ಬೀರೂರು, ಚಿಕ್ಕಜಾಜೂರು, ದಾವಣಗೆರೆ, ಹರಿಹರ, ರಾಣೆಬೆನ್ನೂರು, ಬ್ಯಾಡಗಿ, ಹಾವೇರಿ. ದೆಹಲಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿ ನೌಕರಿಯ ಕೊನೆಯ ವರ್ಷಗಳನ್ನು ಕಳೆಯುತ್ತಿದ್ದಾಗ, ಮುಂದೆ ಎಲ್ಲಿರುವುದು ಎಂಬ ಮಾತು ಬಂದಾಗಲೆಲ್ಲ ಮನಸ್ಸು ಈ ಹಳಿಯ ಮೇಲೇ ಓಡುತ್ತಿತ್ತು. ಹುಟ್ಟಿದ ಹಳ್ಳಿಯ ಮನೆ ದಾಯಾದಿಗಳಿಗೆ ಹಂಚಿಹೋಗಿ ಎಷ್ಟೋ ಕಾಲವಾಗಿತ್ತು. ಬೆಂಗಳೂರಿಗೆ ಹೋದ ಸಹೋದ್ಯೋಗಿಗಳು ಹತ್ತು ತಿಂಗಳ ಮುಂಗಡ ಕೊಟ್ಟು ಮೂರನೇ ಮಹಡಿಯಲ್ಲಿ ಬಾಡಿಗೆಗಿದ್ದರು. ಪಿಂಚಣಿಯೊಂದನ್ನೇ ನಂಬಿದ ಇಬ್ಬರು ನೆಮ್ಮದಿಯಾಗಿ ಇರಬಹುದಾದ, ಬೆಚ್ಚಗಿನ, ಸಣ್ಣದೊಂದು ಊರು ನಮಗೆ ಬೇಕಿತ್ತು.

ಬೆಚ್ಚಗೆ ಎಂಬುದು ನನ್ನಾಕೆಯ ಉಸಿರಿಗೆ ಸಂಬಂಧಿಸಿದ ಮಾತು. ದೀಪಾವಳಿ ಕಳೆದದ್ದೇ ದೆಹಲಿಯ ಗಾಳಿಯಲ್ಲಿ ಹೊಗೆ ಕೂರುತ್ತದೆ. ಜನವರಿಗೆ ಉಷ್ಣಾಂಶ ನಾಲ್ಕೈದು ಡಿಗ್ರಿಗೆ ಇಳಿದು, ಬೆಳಗಿನ ಮಂಜಿನಲ್ಲಿ ಎದುರು ಬ್ಲಾಕಿನ ದೀಪವೂ ಕಾಣುವುದಿಲ್ಲ. ಆ ತಿಂಗಳುಗಳಲ್ಲಿ ಅವಳು ರಾತ್ರಿಯಿಡೀ ದಿಂಬಿಗೆ ಒರಗಿ ಕೂತೇ ಇರುತ್ತಿದ್ದಳು. ಅದೇ ಊರು ಬೇಸಿಗೆಯಲ್ಲಿ 44, 45 ಡಿಗ್ರಿಗೆ ಏರಿ ಬೇಯಿಸುತ್ತದೆ. ಎರಡು ತುದಿಗಳ ನಡುವೆ ವರ್ಷವಿಡೀ ಒಂದೇ ಹದದಲ್ಲಿರುವ ಒಣ ಬೆಚ್ಚನೆ ಅವಳ ಶ್ವಾಸಕೋಶಕ್ಕೆ ಬೇಕಿತ್ತು. ಅಂಥ ಹವೆ ಎಲ್ಲಿದೆ ಎಂದು ಯಾರನ್ನೂ ಕೇಳಬೇಕಿರಲಿಲ್ಲ. ನಮ್ಮ ನಾಡಿನ ಬಯಲುಸೀಮೆಯ ನಡುಭಾಗಕ್ಕೆ ಪ್ರಕೃತಿ ಕೊಟ್ಟಿರುವುದೇ ಅದನ್ನು.

ಆ ನಡುಭಾಗವನ್ನು ಸ್ವಲ್ಪ ವಿವರಿಸಬೇಕು. ರಾಯಚೂರು, ಕಲಬುರಗಿಗಳಲ್ಲಿ ಮೇ ತಿಂಗಳ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಶಿರಸಿ, ಸಾಗರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆ ಒಣಗುವುದಿಲ್ಲ, ಗೋಡೆಗೆ ಬೂಷ್ಟು ಹಿಡಿಯುತ್ತದೆ. ಇವೆರಡರ ನಡುವೆ, ಸಮುದ್ರಮಟ್ಟದಿಂದ ಸುಮಾರು 600 ಮೀಟರಿನಿಂದ 750 ಮೀಟರ್ ಎತ್ತರದಲ್ಲಿ, ಚಿತ್ರದುರ್ಗದಿಂದ ಗದಗದವರೆಗೆ ಹರಡಿದ ಬಯಲಿದೆ. ಬೇಸಿಗೆಯ ಹಗಲು 36, 37ರ ಸುಮಾರಿಗೆ ನಿಲ್ಲುತ್ತದೆ. ಘಟ್ಟ ಇಳಿದು ಬರುವ ಮುಂಗಾರಿನ ಮೋಡಗಳು ಇಲ್ಲಿ ಮಳೆಗಿಂತ ಹೆಚ್ಚಾಗಿ ಗಾಳಿಯನ್ನು ತರುತ್ತವೆ. ಚಿತ್ರದುರ್ಗ, ಗದಗಗಳ ಗುಡ್ಡದ ಸಾಲಿನಲ್ಲಿ ಗಾಳಿಯಂತ್ರಗಳು ನಿಂತಿರುವುದು ಅದಕ್ಕಾಗಿಯೇ. ಚಳಿಗಾಲಕ್ಕೆ ಒಂದು ಹೊದಿಕೆ ಸಾಕು. ನನಗೆ ಇದು ಈ ದೇಶದ ಅತ್ಯಂತ ಸಭ್ಯವಾದ ಹವೆ ಎನಿಸುತ್ತದೆ.

ಸಣ್ಣ ಊರು ಎಂದರೆ ಎಷ್ಟು ಸಣ್ಣದು? ನಮ್ಮ ರಾಜ್ಯದ ಪೌರಸಭೆಗಳ ಕಾಯ್ದೆಯೇ ಇದಕ್ಕೊಂದು ಅಳತೆ ಕೊಟ್ಟಿದೆ. ಹತ್ತರಿಂದ ಇಪ್ಪತ್ತು ಸಾವಿರ ಜನರಿದ್ದರೆ ಪಟ್ಟಣ ಪಂಚಾಯಿತಿ, ಐವತ್ತು ಸಾವಿರದವರೆಗೆ ಪುರಸಭೆ, ಅಲ್ಲಿಂದ ಮೂರು ಲಕ್ಷದವರೆಗೆ ನಗರಸಭೆ. ಪಟ್ಟಣ ಪಂಚಾಯಿತಿಯ ಊರಿನಲ್ಲಿ ಬಾಡಿಗೆ ಅಗ್ಗ, ಆದರೆ ರಾತ್ರಿ ಎದೆ ನೋವು ಬಂದರೆ ಇನ್ನೊಂದು ಊರಿಗೆ ಓಡಬೇಕು. ಹಾಗಾಗಿ ನಾನು ನಗರಸಭೆಯ ಊರುಗಳಲ್ಲೇ ಹುಡುಕಬೇಕೆಂದು ತೀರ್ಮಾನಿಸಿದೆ. ನನ್ನಾಕೆ ಅದಕ್ಕೆ ಇನ್ನೊಂದು ಷರತ್ತು ಸೇರಿಸಿದಳು: "ರೀ, ಯಾವ ಊರಾದ್ರೂ ಸರಿ, ಬೇಸಿಗೇಲಿ ನೋಡೋಣ. ಡಿಸೆಂಬರಲ್ಲಿ ಎಲ್ಲಾ ಊರೂ ಚೆನ್ನಾಗೇ ಇರ್ತವೆ." ಈ ಹುಡುಕಾಟದಲ್ಲಿ ಯಾರೇ ಆಡಿದ ಮಾತುಗಳಲ್ಲಿ ಇದಕ್ಕಿಂತ ಉಪಯುಕ್ತವಾದದ್ದು ಇನ್ನೊಂದಿಲ್ಲ.

ತಿಪಟೂರು ಅವಳಿಗೆ ಬಹಳ ಹಿಡಿಸಿತು. ಕೊಬ್ಬರಿ ಮಂಡಿಗಳ ಸಾಲಿನಲ್ಲಿ ಹಾಯ್ದರೆ ಎಣ್ಣೆಯ ಸಿಹಿ ವಾಸನೆ ಬಟ್ಟೆಗೆಲ್ಲ ಹತ್ತಿಕೊಳ್ಳುತ್ತದೆ, ಊರ ಹೊರಗೆ ಕಣ್ಣು ಹಾಯುವವರೆಗೆ ತೆಂಗಿನ ತೋಟ. ಆದರೆ ಬೆಂಗಳೂರಿನ ಬಾಹು ಅಲ್ಲಿಯವರೆಗೂ ಚಾಚಿದೆ, ಸೈಟಿನ ಬೆಲೆ ಹೇಳುವವರ ದನಿಯಲ್ಲೇ ಅದು ಗೊತ್ತಾಗುತ್ತಿತ್ತು. ಹಿರಿಯೂರಿನ ಮಾರಿಕಣಿವೆಯ ಮೇಲೆ ನಿಂತು ವಾಣಿವಿಲಾಸ ಸಾಗರವನ್ನು ನೋಡಿದಾಗ ಅಲ್ಲೇ ಇದ್ದುಬಿಡೋಣವೆನಿಸಿತು. ಮೈಸೂರು ಸಂಸ್ಥಾನ 1898ರಲ್ಲಿ ಕೈಹಾಕಿ 1907ರಲ್ಲಿ ಮುಗಿಸಿದ ಅಣೆಕಟ್ಟು ಅದು. 1933ರಲ್ಲಿ ಕೋಡಿ ಬಿದ್ದ ಕೆರೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಒಂದು ಇಡೀ ಜೀವಮಾನ ಕಾದು ಕೋಡಿ ನೋಡಿದ ಮುದುಕರು ಆ ಸೀಮೆಯಲ್ಲಿದ್ದಾರೆ. ಆದರೆ ಹಿರಿಯೂರಿಗೆ ಇನ್ನೂ ರೈಲಿಲ್ಲ. ಪುಣೆಯಲ್ಲಿರುವ ಮಗ ರಾತ್ರಿ ರೈಲು ಹತ್ತಿ ಬೆಳಗಾಗುವಷ್ಟರಲ್ಲಿ ಮನೆಯಲ್ಲಿರಬೇಕೆಂಬ ಆಸೆ ನಮ್ಮದು. ಧಾರವಾಡದ ಸಾಧನಕೇರಿಯನ್ನೂ ಸುತ್ತಿದೆವು. ವಿದ್ಯಾವರ್ಧಕ ಸಂಘ, ಮನೋಹರ ಗ್ರಂಥಮಾಲೆಗಳ ಊರಿನಲ್ಲಿರುವ ಭಾಗ್ಯ ಯಾರಿಗೆ ಬೇಡ? ಆದರೆ ಧಾರವಾಡದ ಜುಲೈ ತಿಂಗಳ ಜಿಟಿಜಿಟಿ ಮಳೆ ಅವಳ ಎದೆಗೆ ಆಗಿಬರುವಂಥದ್ದಲ್ಲ, ಅಲ್ಲಿಯ ಬಾಡಿಗೆ ನನ್ನ ಪಿಂಚಣಿಗೆ ಹೊಂದುವಂಥದ್ದಲ್ಲ.

ಊರು ನೋಡಲು ಹೋದವರು ಮನೆ ನೋಡುವ ಮೊದಲು ನೀರು ಕೇಳಬೇಕು. ಇದನ್ನು ಎಷ್ಟು ಒತ್ತಿ ಹೇಳಿದರೂ ಕಡಿಮೆಯೇ. ಬಯಲುಸೀಮೆಯ ಎಷ್ಟೋ ಊರುಗಳಲ್ಲಿ ನಲ್ಲಿ ನೀರು ದಿನಾ ಬರುವುದಿಲ್ಲ, ವಾರಕ್ಕೊಮ್ಮೆ ಬಂದರೂ ಪುಣ್ಯ ಎನ್ನುವ ಬಡಾವಣೆಗಳಿವೆ. ಪಾವಗಡ, ಶಿರಾದಂಥ ಕಡೆ ಬೋರಿನ ನೀರಿನಲ್ಲಿ ಫ್ಲೋರೈಡ್, ಅದನ್ನು ಕುಡಿದು ಬೆಳೆದವರ ಹಲ್ಲು ನೋಡಿದರೆ ತಿಳಿಯುತ್ತದೆ. ಬಾಡಿಗೆ ಮೂರು ಸಾವಿರ ಕಡಿಮೆಯೆಂದು ಹಿಗ್ಗಿ, ಬೇಸಿಗೆಯಲ್ಲಿ ಟ್ಯಾಂಕರಿಗೆ ಅದನ್ನೇ ಸುರಿಯುವ ಮನೆಗಳನ್ನು ನಾವು ನೋಡಿದೆವು. ಆದ್ದರಿಂದ ನಾನು ಮೊದಲು ಊರಿನ ನೀರಿನ ಮೂಲ ಯಾವುದೆಂದು ಕೇಳುತ್ತಿದ್ದೆ: ಹೊಳೆಯೋ, ಕೆರೆಯೋ, ಬೋರೋ. ಚಿತ್ರದುರ್ಗದವರು ದೂರದ ಸೂಳೆಕೆರೆಯ ನೀರು ಕುಡಿಯುತ್ತಾರೆ. ಹರಿಹರ, ರಾಣೆಬೆನ್ನೂರುಗಳಿಗೆ ತುಂಗಭದ್ರೆ ಹತ್ತಿರ. ಆಮೇಲೆ ಮನೆಗೆ ಸಂಪಿದೆಯೇ, ಎಷ್ಟು ದೊಡ್ಡದು ಎಂಬ ಪ್ರಶ್ನೆ. ನಂತರವೇ ಅಡುಗೆಮನೆ, ಕಿಟಕಿ, ಬಣ್ಣ.

ರಾಣೆಬೆನ್ನೂರಿನಲ್ಲಿ ನಾವು ಹೀಗೆ ಕೇಳಿದ್ದಕ್ಕೆ ಮನೆಯೊಡತಿ, ನನಗಿಂತ ಹಿರಿಯರು, ಬಾಗಿಲಲ್ಲೇ ನಿಂತು ನಕ್ಕರು. "ಬರ್ರೀ ಒಳಗ. ಮೊದ್ಲ ಕುಡಿಯಾಕ ನೀರ ತಗೋರಿ, ಆಮ್ಯಾಲೆ ನೀರಿನ ಮಾತು." ತಂಬಿಗೆಯಲ್ಲಿ ನೀರು, ತಟ್ಟೆಯಲ್ಲಿ ಬೆಲ್ಲ ಬಂತು. ನಲ್ಲಿ ಎಷ್ಟು ದಿನಕ್ಕೊಮ್ಮೆ, ಸಂಪು ಎಷ್ಟು ದಿನ ತಡೆಯುತ್ತದೆ, ಯಾವ ವರ್ಷ ತೊಂದರೆಯಾಗಿತ್ತು, ಎಲ್ಲವನ್ನೂ ಬಚ್ಚಿಡದೆ ಹೇಳಿದರು. ಕುಡಿಯಲು ಮಾತ್ರ ಬೀದಿಯ ಕೊನೆಯ ಶುದ್ಧ ನೀರಿನ ಘಟಕಕ್ಕೆ ಕ್ಯಾನು ಒಯ್ದು ನಾಣ್ಯ ಹಾಕಿದರೆ ಆಯಿತು. "ಅಕ್ಕಾರ, ಒಂದ ಮಾತು, ಮ್ಯಾಲಿನ ಮನಿ ಖಾಲಿ ಐತಿ, ಬಾಡಗಿನೂ ಕಡಿಮಿ. ಆದ್ರ ನಿಮಗ ಅದು ಬ್ಯಾಡ, ಬ್ಯಾಸಗ್ಯಾಗ ಕಾದ ಹಂಚಾಗತೈತಿ." ತನ್ನದೇ ಮನೆಯ ದೋಷವನ್ನು ತಾನೇ ಹೇಳುವ ಮನೆಯೊಡತಿ ಸಿಕ್ಕ ಮೇಲೆ ನನ್ನ ಹುಡುಕಾಟ ಬಹುಪಾಲು ಮುಗಿಯಿತು.

ಕಾದ ಹಂಚಿನ ಮಾತು ನಿಜ. ಬಿಸಿಲೂರಿನಲ್ಲಿ ಮನೆ ಹಿಡಿಯುವವರಿಗೆ ಸೂರಿನ ವಿದ್ಯೆ ಗೊತ್ತಿರಬೇಕು. ಸಿಮೆಂಟಿನ ತಾರಸಿ ಹಗಲೆಲ್ಲ ಬಿಸಿಲು ಕುಡಿದು ರಾತ್ರಿ ಹತ್ತರವರೆಗೂ ಅದನ್ನು ಕೆಳಗೆ ಬಿಡುತ್ತಿರುತ್ತದೆ. ಅದಕ್ಕೇ ಮೇಲಿನ ಮಹಡಿ ಅಗ್ಗ. ನೆಲಮಹಡಿಗೆ ಇನ್ನೊಂದು ಮಹಡಿಯೇ ಕೊಡೆ. ಪಡುವಣ ಗೋಡೆಗೆ ಕಿಟಕಿ ಕಡಿಮೆ ಇರಬೇಕು, ಆ ಕಡೆ ಒಂದು ಬೇವಿನ ಮರವಿದ್ದರೆ ಎಷ್ಟು ಬಾಡಿಗೆ ಹೆಚ್ಚಾದರೂ ಕೊಡಬಹುದು. ತಾರಸಿಗೆ ಬೇಸಿಗೆಗೆ ಮುಂಚೆ ಸುಣ್ಣ ಬಳಿಯುವವರು ಆ ಊರಲ್ಲಿ ಬಹಳ. ಹಳೆಯ ಓಣಿಗಳಲ್ಲಿ ಇನ್ನೂ ಮಾಳಿಗೆ ಮನೆಗಳಿವೆ. ದಪ್ಪ ಗೋಡೆ, ಮರದ ತೊಲೆಯ ಮೇಲೆ ಮಣ್ಣಿನ ಸೂರು, ನಡುವೆ ಒಂದು ಬೆಳಕಿಂಡಿ. ಮೇ ತಿಂಗಳ ಮಧ್ಯಾಹ್ನ ಎರಡು ಗಂಟೆಗೆ ಅಂಥದ್ದೊಂದು ಮನೆಯೊಳಗೆ ಕಾಲಿಟ್ಟಾಗ ನೆಲ ಅಂಗಾಲಿಗೆ ತಣ್ಣಗೆ ತಾಗಿದ್ದು ನನಗಿನ್ನೂ ನೆನಪಿದೆ. ವರ್ಷ ವರ್ಷ ಮಾಳಿಗೆಗೆ ಮಣ್ಣು ಹಾಕಿ, ಹುಲ್ಲು ಕಿತ್ತು, ಸೋರದಂತೆ ನೋಡಿಕೊಳ್ಳುವ ಕಸುವು ನಮ್ಮಲ್ಲಿರಲಿಲ್ಲ. ಇದ್ದಿದ್ದರೆ ಅಲ್ಲೇ ಇರುತ್ತಿದ್ದೆವು.

ಊರಿನ ದಿನಚರಿಯೂ ಬಿಸಿಲನ್ನು ಅರಿತೇ ಕಟ್ಟಿದ್ದು. ಬೆಳಿಗ್ಗೆ ಐದಕ್ಕೇ ಬೀದಿಗೆ ನೀರು ಚಿಮುಕಿಸುವ ಸದ್ದು. ಕಾಯಿಪಲ್ಲೆ, ಬ್ಯಾಂಕು, ಔಷಧಿ ಅಂಗಡಿಯ ಕೆಲಸಗಳೆಲ್ಲ ಹನ್ನೊಂದರೊಳಗೆ ಮುಗಿಯಬೇಕು. ಹನ್ನೆರಡರಿಂದ ನಾಲ್ಕರವರೆಗೆ ಬಾಗಿಲು ಮುಂದೆ ಮಾಡಿ ಮಲಗುವುದು. ಸಂಜೆ ಪಡುವಣ ಗಾಳಿ ಎದ್ದದ್ದೇ ಕಟ್ಟೆಗಳು ತುಂಬುತ್ತವೆ, ಗಿರ್ಮಿಟ್ಟು, ಮಿರ್ಚಿಯ ಗಾಡಿಗಳ ಸುತ್ತ ಜನ ಸೇರುತ್ತಾರೆ. ನಾವು ಊರಿನ ಮುದುಕರನ್ನು ಬೇಕೆಂದೇ ಗಮನಿಸುತ್ತಿದ್ದೆವು. ಸಂಜೆ ಅವರು ಎಲ್ಲಿ ಕೂರುತ್ತಾರೆ, ಒಬ್ಬರೇ ಕೂರುತ್ತಾರೋ ನಾಲ್ವರೋ, ಅಲ್ಲಿಗೆ ನಡೆದೇ ಬಂದಿದ್ದಾರೋ ಯಾರಾದರೂ ಕರೆತಂದಿದ್ದಾರೋ. ಇಳಿವಯಸ್ಸಿನಲ್ಲಿ ಹಣ ಸೋರುವುದು ದೂರಗಳಲ್ಲಿ. ಪ್ರತಿ ಸಣ್ಣ ಕೆಲಸಕ್ಕೂ ಆಟೋ ಕರೆಯಬೇಕಾದ ಊರಿನಲ್ಲಿ ಬಾಡಿಗೆ ಎಷ್ಟೇ ಕಡಿಮೆಯಿದ್ದರೂ ತಿಂಗಳ ಕೊನೆಗೆ ಉಳಿಯುವುದೇನಿಲ್ಲ. ನಾವು ಹಿಡಿದ ಮನೆಯಿಂದ ಮಾರುಕಟ್ಟೆ, ಬಸ್ ನಿಲ್ದಾಣ, ಗ್ರಂಥಾಲಯ ಮೂರಕ್ಕೂ ನಡೆದೇ ಹೋಗಬಹುದು. ಪಕ್ಕದ ಓಣಿಯ ಹೆಣ್ಣುಮಕ್ಕಳು ಜೋಳದ ರೊಟ್ಟಿ ತಟ್ಟಿ ಮಾರುತ್ತಾರೆ, ಜೊತೆಗೆ ಶೇಂಗಾ ಚಟ್ನಿ. ದೆಹಲಿಯಲ್ಲಿ ಅಡುಗೆಯವಳಿಗೆ ಕೊಡುತ್ತಿದ್ದ ಸಂಬಳದಲ್ಲಿ ಇಲ್ಲಿ ನಮ್ಮ ಊಟದ ಬಹುಪಾಲು ಸಾಗುತ್ತದೆ.

ಆಸ್ಪತ್ರೆಯ ಲೆಕ್ಕವನ್ನೂ ಹೇಳಿಬಿಡುತ್ತೇನೆ, ಕೇಂದ್ರ ಸರ್ಕಾರದಿಂದ ನಿವೃತ್ತರಾದವರಿಗೆ ಉಪಯೋಗಕ್ಕೆ ಬಂದೀತು. ಸಿಜಿಎಚ್‌ಎಸ್ ಚಿಕಿತ್ಸಾಲಯ ಇಂಥ ಊರುಗಳಲ್ಲಿಲ್ಲ. ಅದಿಲ್ಲದ ಕಡೆ ಇರುವವರಿಗೆ ಹೊರರೋಗಿ ಖರ್ಚಿಗೆಂದು ತಿಂಗಳಿಗೆ ಸಾವಿರ ರೂಪಾಯಿ ವೈದ್ಯಕೀಯ ಭತ್ಯೆ ಪಡೆಯುವ ಆಯ್ಕೆಯಿದೆ. ಕೆಮ್ಮು, ಜ್ವರ, ಸಕ್ಕರೆ, ಬಿಪಿಗೆ ಊರಿನ ವೈದ್ಯರೇ ಸಾಕು. ದೊಡ್ಡದೇನಾದರೂ ಬಂದರೆ ದಾವಣಗೆರೆ ಹತ್ತಿರ ಹತ್ತಿರ 40 ಕಿಲೋಮೀಟರ್, ಹೆದ್ದಾರಿಯ ಮೇಲೆ ನೇರ ದಾರಿ. 1965ರಿಂದ ಅಲ್ಲೊಂದು ವೈದ್ಯಕೀಯ ಕಾಲೇಜಿದೆ, ಅದರ ಸುತ್ತ ಆಸ್ಪತ್ರೆಗಳೇ ಬೆಳೆದಿವೆ. ಮರಳುವಾಗ ಬೆಣ್ಣೆದೋಸೆ ತಿಂದು ಬರುವುದು ನನ್ನಾಕೆ ತಾನೇ ಮಾಡಿಕೊಂಡ ಪಥ್ಯ.

ಇಷ್ಟೆಲ್ಲ ಲೆಕ್ಕ ಹಾಕಿ ಬಂದ ಊರು ಲೆಕ್ಕದಲ್ಲಿಲ್ಲದ ಎಷ್ಟನ್ನೋ ಕೊಟ್ಟಿತು. ಹತ್ತಿರದ ಬ್ಯಾಡಗಿಯಲ್ಲಿ ಸುಗ್ಗಿಯ ಕಾಲಕ್ಕೆ ಮೆಣಸಿನಕಾಯಿಯ ಚೀಲಗಳು ಗುಡ್ಡದಂತೆ ಬಂದು ಬೀಳುತ್ತವೆ. ಆ ಕಡುಗೆಂಪನ್ನು, ಸುಕ್ಕುಗಟ್ಟಿದ ಕಾಯಿಯ ಆ ಘಮವನ್ನು ಮಾರುಕಟ್ಟೆಯಲ್ಲೇ ನಿಂತು ಅನುಭವಿಸಬೇಕು. ಡಬ್ಬಿ, ಕಡ್ಡಿ ಎಂಬ ಎರಡು ಬಗೆಗಳ ವ್ಯತ್ಯಾಸವನ್ನು ಹಮಾಲರೊಬ್ಬರು ಕಾಯಿ ಮುರಿದು ತೋರಿಸಿ ಕಲಿಸಿದರು. ಊರ ಹೊರಗೆ 1974ರಲ್ಲಿ ಘೋಷಿಸಿದ ಕೃಷ್ಣಮೃಗ ಅಭಯಾರಣ್ಯವಿದೆ, 119 ಚದರ ಕಿಲೋಮೀಟರ್. ಹೊಲದ ಬದುವಿನಲ್ಲಿ ನಿಂತಿದ್ದ ಗಂಡು ಜಿಂಕೆ ಸುರುಳಿಕೋಡು ಎತ್ತಿ ಒಮ್ಮೆ ನೋಡಿ, ಹಿಂಡನ್ನು ಕರೆದುಕೊಂಡು ಹಾರುತ್ತ ಹೋಯಿತು. ದಸರೆಯ ಹೊತ್ತಿಗೆ ದೇವರಗುಡ್ಡದ ಮಾಲತೇಶನ ಕಾರ್ಣಿಕ. ಕಂಬಳಿ ಹೊದ್ದ ಗೊರವಯ್ಯ ಬಿಲ್ಲನ್ನೇರಿ, ಸಾವಿರಾರು ಜನ ಉಸಿರು ಬಿಗಿಹಿಡಿದು ನಿಂತಿರುವಾಗ, ಒಂದೇ ಒಂದು ವಾಕ್ಯ ನುಡಿಯುತ್ತಾನೆ. ಆ ವಾಕ್ಯದಲ್ಲಿ ಮಳೆಯಿದೆಯೋ, ಬೆಳೆಯಿದೆಯೋ ಎಂಬ ಚರ್ಚೆ ನಮ್ಮ ಓಣಿಯ ಕಟ್ಟೆಯಲ್ಲಿ ದೀಪಾವಳಿಯವರೆಗೂ ನಡೆಯಿತು. ದೀಪಾವಳಿ ಬಂತು, ಹೋಯಿತು. ನನ್ನಾಕೆ ಆ ತಿಂಗಳೆಲ್ಲ ಚಪ್ಪಟೆ ಮಲಗಿ ನಿದ್ದೆ ಮಾಡಿದಳು.

ಈಗ ಸೈಟಿನ ಮಾತು ಶುರುವಾಗಿದೆ. ಪರಿಚಯದವರು ವಾರಕ್ಕೊಬ್ಬರು ಒಂದೊಂದು ಬಡಾವಣೆ ತೋರಿಸುತ್ತಾರೆ. ಊರಂಚಿನ ಜಾಗಗಳು ಗ್ರಾಮ ಪಂಚಾಯಿತಿಗೆ ಸೇರಿದವು, ಅವಕ್ಕೆ ಇ-ಸ್ವತ್ತಿನ ನಮೂನೆ 9 ಮತ್ತು 11 ಇರಬೇಕು, ಹೊಲವಾಗಿದ್ದರೆ ಎನ್‌ಎ ಆಗಿರಬೇಕು, ಋಣಭಾರ ಪತ್ರ ತೆಗೆಸಬೇಕು. ಇದನ್ನೆಲ್ಲ ಬರೆದಿಟ್ಟುಕೊಂಡು ನಾನು ಮನೆಯೊಡತಿಯ ಹತ್ತಿರ ಹೋದೆ. ಅವರು ಕನ್ನಡಕ ಏರಿಸಿ ಪಟ್ಟಿಯನ್ನು ಪೂರ್ತಿ ಓದಿ, ಮಡಿಚಿ ಕೈಗೆ ಕೊಟ್ಟರು. "ಉತಾರ ಎಲ್ಲಾ ಬರೋಬ್ಬರಿ ಐತಿ ಅಂತ ತಿಳೀರಿ, ಅಣ್ಣಾರ. ಆದ್ರ ಆ ಕಡೆ ಬೋರು ಎಷ್ಟು ಫೂಟಿಗೆ ನೀರು ಕೊಡ್ತಾವ, ಮೇ ತಿಂಗಳಾಗ ಕೇಳ್ರಿ. ಅಲ್ಲೀತನಕ ಇಲ್ಲೇ ಇರ್ರಿ, ನಾ ಏನ್ ಬಾಡಗಿ ಏರಸೂದಿಲ್ಲ."